ಫ್ರೀಜರ್ ಪೆಟ್ಟಿಗೆಯಲ್ಲಿ ಕಂಪ್ಯೂಟರ್

ಹೋದ ಮೇ ತಿಂಗಳು. ರಾಯದುರ್ಗದ ಜೀನ್ಸ್ ಹೊಲಿಯುವ ಮಿಷನ್ನುಗಳೆಲ್ಲ ನಿಂತ ರಾತ್ರಿ ಹೊತ್ತು. ಹಾಳು ಬಾವಿ ದಾಟಿ ಮನೆಗೆ ಬರುತ್ತಿದ್ದೆ. ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು... ನನ್ನ ತಂಗಿಯ ಮಗ ಗುರುಪ್ರಕಾಶ.

‘ಮಾವ, ಮನಿತನಕ ಬರ್ರಿ. ಪೆಟ್ಟಿಗ್ಯಾಗ ಸಪ್ಪಳ ಆಗಾಕತ್ತೈತಿ.’

‘ಯಾವ ಪೆಟ್ಟಿಗಿ?’

ಪಿಸುಗುಟ್ಟಿದ. ‘ಹೆಣದ್ದು.’

ನಮ್ಮ ಓಣಿಗೆ ಒಂದೇ ಫ್ರೀಜರ್ ಪೆಟ್ಟಿಗೆ. ದೂರದ ಮಕ್ಕಳು ಬರುವವರೆಗೆ ಸತ್ತವರನ್ನು ಅದರಲ್ಲಿ ಮಲಗಿಸುತ್ತೇವೆ. ಅದು ಇರುವುದು ಇವನ ಮನೆಯಲ್ಲಿ. ಹೆಣ ಎತ್ತಿದ ಮೇಲೆ ಅರಿಶಿನ ನೀರಲ್ಲಿ ತೊಳೆಯಬೇಕು.

ಇವನಿಗೆ ಬೇರೆ ಹುಚ್ಚು. ಮಾಡಿದವರು ಇಟ್ಟ ವೇಗಕ್ಕಿಂತ ಹೆಚ್ಚಾಗಿ ಕಂಪ್ಯೂಟರ್ ಓಡಿಸುವುದು. ಓವರ್‌ಕ್ಲಾಕ್ ಅಂತೆ. ನೆಟ್ಟಿನಲ್ಲಿ ಪಂದ್ಯವಂತೆ. ಓಡಿದಷ್ಟೂ ಅದು ಕಾದು ಸುಡುತ್ತದೆ. ಫ್ಯಾನು ಸಾಲಲಿಲ್ಲ. ನೀರಿನ ಪೈಪು ಸಾಲಲಿಲ್ಲ. ಐಸೂ ಸಾಲಲಿಲ್ಲ. ತೇವ ತಾಗದಿರಲಿ ಎಂದು ಬೋರ್ಡಿಗೆಲ್ಲ ವ್ಯಾಸಲೀನ್ ಬಳಿದು, ಕಂಪ್ಯೂಟರನ್ನು ಹೆಣ ಮಲಗುವ ಜಾಗದಲ್ಲಿ ಇಟ್ಟ. ತೊಳೆಯಲೂ ಇಲ್ಲ. ಥೂ.

ಪಂದ್ಯದ ದಿನವೇ ಹಿಂದಿನ ಮನೆಯ ನಾಗಕ್ಕ ತೀರಿಕೊಂಡಳು. ಜೀನ್ಸಿಗೆ ಗುಂಡಿಯ ಕಾಜಾ ಕತ್ತರಿಸಿ ಹೊಲಿಯುತ್ತಿದ್ದ ಮುದುಕಿ. ಮಗಳು ರೇವತಿ ಬಂದಳು.

‘ಪೆಟ್ಟಿಗಿ ಕೊಡಪ. ತಮ್ಮ ಮುಂಬೈದಿಂದ ಬರಬೇಕು. ಅವ್ವನ ಮುಖ ನೋಡಬೇಕಂತ.’

‘ಕೆಟ್ಟೈತಿ ಅಕ್ಕ.’

ಒಳಗೆ ಮೋಟಾರು ಗುಂಯ್ ಅನ್ನುತ್ತಿತ್ತು. ರೇವತಿ ಕೇಳಿಸಿಕೊಂಡಳು. ತಿರುಗಿ ಹೋದಳು.

ಮಗ ಬರುವಷ್ಟರಲ್ಲಿ ಮುದುಕಿ ಉಬ್ಬಿದ್ದಳು. ಮೂಗಿನಿಂದ ಕಪ್ಪು ನೀರು. ಅವನು ಮುಖ ನೋಡಲಾರದೆ ಗೋಡೆ ಹಿಡಿದು ವಾಂತಿ ಮಾಡಿದ. ಅವಳ ಕಾಲ್ಹೆಬ್ಬೆರಳುಗಳನ್ನು ನಾನೇ ನೀಲಿ ಜೀನ್ಸ್ ಪಟ್ಟಿಯಿಂದ ಕಟ್ಟಿದ್ದೆ. ಅದು ಊದಿದ ಮಾಂಸದಲ್ಲಿ ಹೂತಿತ್ತು. ಮಣ್ಣಿಗಿಡುವ ಮೊದಲು ಬಿಚ್ಚಬೇಕು. ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಕಟ್ಟಿನ ಸಮೇತ ಹೂತೆವು.

ಇವನು ಪಂದ್ಯ ಗೆದ್ದ.

ಅದಾದ ಮೂರನೆಯ ರಾತ್ರಿ ನನ್ನನ್ನು ಕರೆಯಲು ಆ ಕಟ್ಟೆಯ ಮೇಲೆ ಕೂತಿದ್ದ.

ಅವನ ಕೋಣೆಗೆ ಹೋದೆ. ಹೆದರಿ ಅವನು ಪೆಟ್ಟಿಗೆಯ ಪ್ಲಗ್ಗು ಕಿತ್ತಿಟ್ಟಿದ್ದ. ಆದರೂ ಗುಂಯ್... ನಡುವೆ ಕಚ್. ಕಚ್. ಕತ್ತರಿ ಬಾಯಿ ಮುಚ್ಚಿದ ಸದ್ದು. ವಾಸನೆ ಬಂತು. ಆ ವಾಸನೆ ನನಗೆ ಗೊತ್ತು.

‘ತೆಗಿ.’

‘ನಾ ಒಲ್ಲೆ ಮಾವ.’

‘ಗೆದ್ದೀಯಲ್ಲಪ, ಶೂರ. ತೆಗಿ.’

ತೆಗೆದ. ಸದ್ದು ನಿಂತಿತು. ವ್ಯಾಸಲೀನ್ ಹಳದಿಯಾಗಿ, ಕೀವಿನಂತೆ ಸೋರುತ್ತಿತ್ತು. ಕಂಪ್ಯೂಟರಿನ ಎರಡು ವೈರುಗಳನ್ನು ಜೋಡಿಸಿ ಯಾರೋ ಕಟ್ಟಿದ್ದರು. ನೀಲಿ ಜೀನ್ಸ್ ಪಟ್ಟಿ. ಒದ್ದೆ. ಅಂಚಿಗೆ ಮಣ್ಣು.

ನಂಬದವರು ನಂಬಬೇಡಿ. ನಾನು ಎಡಚ, ನನ್ನ ಗಂಟು ಉಲ್ಟಾ ಬೀಳುತ್ತದೆ. ಆ ಗಂಟು ನನ್ನದೇ.