ಬಂಡೆಗೆ ಗಾಳದ ಕೋಲು ಸಾಗಿಸಿದ ದೋಣಿಯ ಬಗ್ಗೆ ವಿಸಾಲ್ ದನ್ನಾವಿ ಹೇಳಿ ಬರೆಸಿದ್ದು

ನನ್ನ ಹೆಸರು ವಿಸಾಲ್ ದನ್ನಾವಿ, ತೀರಿಹೋದ ಮುನೀಬ್ ದನ್ನಾವಿಯವರ ಹೆಂಡತಿ, ವಯಸ್ಸು ಐವತ್ಮೂರು, ಕಸುಬು ದೋಣಿ ನಡೆಸುವುದು, ವಾಸ ಉತ್ತರ ಲೆಬನಾನಿನ ಟ್ರಿಪೋಲಿ, ಮೀನಾ ಹಳೆ ಬಂದರು, ಬಲೆ ಹೆಣೆಯುವವರ ಓಣಿ. ರಾಮೆಜ್ ಶಾಹೀನ್ ಎಂಬವರು ಕೊಟ್ಟ ದೂರಿನ ಮೇಲೆ ಈ ದಿನ ಠಾಣೆಗೆ ಕರೆಸಿ ವಿಚಾರಿಸಲಾಗಿ, ಯಾರ ಒತ್ತಾಯವೂ ಇಲ್ಲದೆ, ಇದ್ದರೂ ಅದಕ್ಕೆ ಬಗ್ಗದೆ, ನಾನು ಹೇಳುವುದು ಈ ಕೆಳಗಿನಂತೆ ಇದೆ.

ನನ್ನದು ಮರದ ದೋಣಿ. ಉದ್ದ ಐದು ಮೀಟರು. ಹಿಂದೆ ಒಂದು ಸಣ್ಣ ಮೋಟಾರು ಇದೆ. ಗಂಡ ತೀರಿಕೊಂಡ ನಂತರ ನಾನೇ ನಡೆಸುತ್ತಿದ್ದೇನೆ. ಬೇಸಿಗೆಯಲ್ಲಿ ದ್ವೀಪ ನೋಡುವವರನ್ನು ಕರೆದೊಯ್ಯುತ್ತೇನೆ, ಉಳಿದ ಕಾಲದಲ್ಲಿ ಬಲೆ ಬಿಡುತ್ತೇನೆ.

ಅಲೆ ತಡೆಯುವ ಕಲ್ಲುಗೋಡೆಯ ಕೊನೆಯಲ್ಲಿರುವ ಬಂಡೆಗಳ ಮೇಲೆ ಕುಳಿತು ಗಾಳ ಹಾಕುವುದು ನಮ್ಮ ಊರಿನವರ ರೂಢಿ. ನನ್ನ ಅಜ್ಜನ ಕಾಲದಲ್ಲೂ ಇತ್ತು. ನಮ್ಮವರ ಕೋಲುಗಳು ಅಂಗಡಿಯಲ್ಲಿ ಸಿಗುವ ಮಡಚುವ ಕೋಲುಗಳಲ್ಲ, ಹೊಳೆ ಬದಿಯಲ್ಲಿ ಕಡಿದು ನೆರಳಲ್ಲಿ ಒಣಗಿಸಿದ, ಬಿದಿರಿನಂತೆ ಟೊಳ್ಳಾದ ಒಂದೇ ತುಂಡಿನ ಜೊಂಡಿನ ಕೋಲುಗಳು. ಕೆಲವು ನನ್ನ ದೋಣಿಗಿಂತ ಉದ್ದ ಇವೆ. ಕಳೆದ ಜೂನ್ ತಿಂಗಳಲ್ಲಿ ಗೋಡೆಯ ಬುಡದಲ್ಲಿ ಶ್ರೀಮಂತರ ವಿಹಾರ ದೋಣಿಗಳಿಗಾಗಿ ಹೊಸ ಬಂದರು ತೆರೆಯಿತು. ಆ ಬಂದರಿನವರು ಬಂಡೆಗಳಿಗೆ ಹೋಗುವ ದಾರಿಗೆ ಅಡ್ಡಲಾಗಿ ಗೇಟು ಹಾಕಿ, ಗಾಳದ ಕೋಲು ಹಿಡಿದವರಿಗೆ ಪ್ರವೇಶವಿಲ್ಲ ಎಂದು ಬೋರ್ಡು ನಿಲ್ಲಿಸಿದರು. ದಾರಿ ನಗರಸಭೆಯದ್ದಾದ್ದರಿಂದ ಬರಿಗೈಯಲ್ಲಿ ಹೋಗುವವರನ್ನು ತಡೆಯುವ ಅಧಿಕಾರ ಅವರಿಗಿಲ್ಲ. ಬಂಡೆಯ ಸಂದಿನಲ್ಲಿ ಬಚ್ಚಿಟ್ಟು ಬಂದಿದ್ದ ಕೋಲುಗಳನ್ನು ಕಾವಲಿನವರು ಮೊದಲ ವಾರದಲ್ಲೇ ಸಮುದ್ರಕ್ಕೆ ಎಸೆದರು. ಅವುಗಳಲ್ಲಿ ಎರಡನ್ನು ನಾನೇ ನೀರಿನಿಂದ ಎತ್ತಿ ತಂದಿದ್ದೇನೆ.

ನಮ್ಮ ಓಣಿಯ ಉಮ್ ರಬೀ ಎಂಬ ವಿಧವೆಯನ್ನು ಕಾವಲಿನ ಮುಖ್ಯಸ್ಥ ರಾಮೆಜ್ ಶಾಹೀನ್ ಗೇಟಿನಲ್ಲಿ ತಡೆದಾಗ ನಾನು ಅಲ್ಲೇ ಇದ್ದೆ. ಈ ಭಾಗವನ್ನು ಬರೆದುಕೊಳ್ಳುತ್ತಿರುವ ಪೇದೆ ತೌಫೀಕ್‌ರವರು ತಿದ್ದಿ ಬರೆಯಲು ಹೊರಟಿದ್ದರಿಂದ, ಆಡಿದ ಮಾತನ್ನು ಆಡಿದ ಹಾಗೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ.

ರಾಮೆಜ್, "ಅಮ್ಮಾ, ಬೋರ್ಡು ಓದೋಕೆ ಬರಲ್ವಾ?" ಎಂದರು.

ಉಮ್ ರಬೀ, "ಬರುತ್ತಪ್ಪಾ. ಕೋಲಿಗೆ ಪ್ರವೇಶ ಇಲ್ಲ ಅಂತಿದೆ. ನನಗಿಲ್ಲ ಅಂತ ಎಲ್ಲಿದೆ ತೋರಿಸು," ಎಂದರು.

"ಕೋಲು ಬಿಟ್ಟು ಹೋಗಿ ಹಾಗಾದ್ರೆ."

"ಬಿಟ್ಟೆ, ಹಿಡ್ಕೋ. ನೆರಳಲ್ಲಿಡು, ಬಿಸಿಲಿಗೆ ಸೀಳುತ್ತೆ," ಎಂದು ಆಕೆ ಕೋಲನ್ನು ಅವರ ಕೈಗೇ ಕೊಟ್ಟು ಒಳಗೆ ನಡೆದರು. ಸುತ್ತಲಿನವರು ನಕ್ಕರು. ರಾಮೆಜ್ ಆ ಕೋಲನ್ನು ಮೊಣಕಾಲಿಗೆ ಒತ್ತಿ ಮುರಿದರು. ಆಗ ಯಾರೂ ನಗಲಿಲ್ಲ. ಅದನ್ನು ಕಡಿದು ಒಣಗಿಸಿದ್ದು ಆಕೆಯ ಗಂಡ.

ಅದೇ ಸಂಜೆ ನಾನು ಓಣಿಯಲ್ಲಿ ಎಲ್ಲರಿಗೂ ಹೇಳಿದೆ: ನಾಳೆಯಿಂದ ನೀವು ಬರಿಗೈಯಲ್ಲಿ ನಡೆದು ಬನ್ನಿ, ಕೋಲುಗಳು ನನ್ನ ಜೊತೆ ನೀರಿನ ಮೇಲೆ ಬರುತ್ತವೆ. ನನಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಇದರ ಹಿಂದೆ ಯಾವ ಪಕ್ಷದವರಿದ್ದಾರೆ ಎಂದು ಕೇಳಲಾಗಿ, ನನ್ನ ಹಿಂದೆ ಮೋಟಾರು ಮಾತ್ರ ಇದೆ ಎಂದು ತಿಳಿಸಿದ್ದೇನೆ.

ಇಷ್ಟು ಉದ್ದದ ಕೋಲುಗಳನ್ನು ಸಣ್ಣ ದೋಣಿಯಲ್ಲಿ ಇಡುವುದು ಸುಲಭವಲ್ಲ. ಮೊದಲ ದಿನ ಸುಮ್ಮನೆ ಒಳಗೆ ಹಾಕಿದ್ದರಿಂದ ನೂಲುಗಳು ಒಂದಕ್ಕೊಂದು ಸುತ್ತಿಕೊಂಡವು, ಒಂದು ಗಾಳ ನನ್ನ ಹೆಬ್ಬೆರಳಿಗೆ ಚುಚ್ಚಿತು, ನಮ್ಮ ಓಣಿಯ ಮೇಷ್ಟ್ರು ಉಸ್ತಾದ್ ಹಿಕ್ಮತ್‌ರವರ ಕೋಲಿನ ತುದಿಯನ್ನು ನಾನೇ ತುಳಿದೆ. ಆಮೇಲೆ ಕ್ರಮ ಮಾಡಿದೆ. ಗಾಳಗಳನ್ನು ಬಿಚ್ಚಿ ಡಬ್ಬಿಗೆ ಹಾಕಬೇಕು. ನೂಲನ್ನು ಕೋಲಿಗೇ ಸುತ್ತಿ ಬಟ್ಟೆ ಕಟ್ಟಬೇಕು. ದಪ್ಪ ಬುಡಗಳೆಲ್ಲ ಹಿಂದೆ ನನ್ನ ಕಾಲ ಬಳಿ, ತುದಿಗಳೆಲ್ಲ ಮುಂದೆ. ದೋಣಿಯ ಬಲಬದಿಯ ಒಳಗೋಡೆಗೆ ಹಳೆ ಟೈರಿನ ಪಟ್ಟಿಗಳನ್ನು ಮೊಳೆ ಹೊಡೆದು ಮೂರು ಕುಣಿಕೆ ಮಾಡಿದ್ದೇನೆ. ಕಟ್ಟನ್ನು ಅವುಗಳೊಳಗೆ ತೂರಿಸಿ ಹಗ್ಗ ಬಿಗಿದರೆ ಅಲೆಗೆ ಅಲುಗುವುದಿಲ್ಲ. ಉದ್ದನೆಯವುಗಳ ತುದಿಗಳು ಮಾತ್ರ ದೋಣಿಯ ಮೂತಿ ದಾಟಿ ಹೊರಗೆ ಚಾಚುತ್ತವೆ, ಅವಕ್ಕೆ ಕೆಂಪು ಚಿಂದಿ ಕಟ್ಟುತ್ತೇನೆ.

ನನ್ನ ಸೋದರಮಾವ ದರ್ವೀಶ್, ಊರಿನವರ ಬಾಯಲ್ಲಿ ಅಬು ಗಾಝಿ, ವಯಸ್ಸು ಎಪ್ಪತ್ತೆಂಟು, ಕಣ್ಣು ಕಾಣುವುದಿಲ್ಲ. ಕಲ್ಲುದಾರಿಯಲ್ಲಿ ನಡೆಯಲಾಗದ್ದರಿಂದ ದೋಣಿಯಲ್ಲೇ ಬರುತ್ತಿದ್ದರು. ತಮ್ಮ ಕೋಲನ್ನು ಮಾತ್ರ ಕಟ್ಟಿಗೆ ಸೇರಿಸಲು ಬಿಡುತ್ತಿರಲಿಲ್ಲ. "ಹೆಂಡ್ತೀನ ಲಗೇಜಿನ ಜೊತೆ ಕಟ್ಟಿ ಹಾಕ್ತಾರೇನೇ?" ಎನ್ನುತ್ತಿದ್ದರು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದರು.

ಬೇಸಿಗೆಯುದ್ದಕ್ಕೂ ಹೀಗೇ ನಡೆಯಿತು. ನಮ್ಮವರು ಗೇಟಿನಲ್ಲಿ ಎರಡೂ ಅಂಗೈ ಎತ್ತಿ ತೋರಿಸಿ ಒಳಗೆ ಹೋಗುತ್ತಿದ್ದರು. ಉಮ್ ರಬೀ ಅಂಗೈಯ ಜೊತೆ ಬಾಯನ್ನೂ ತೆರೆದು, "ಇಲ್ಲೂ ಕೋಲಿಲ್ಲ, ನೋಡ್ಕೋ ಮಗಾ," ಎನ್ನುತ್ತಿದ್ದರು. ರಾಮೆಜ್‌ಗೆ ಇದರಿಂದ ಅವಮಾನವಾಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸಲಿಲ್ಲ. ಆಗಸ್ಟ್ ತಿಂಗಳಲ್ಲಿ ಅವರು ಹಳೆ ಬಂದರಿಗೆ ಬಂದು, ಕೋಲುಗಳ ಕಟ್ಟಿನೊಳಗೆ ನಾನು ಬೇರೇನನ್ನೋ ಸಾಗಿಸುತ್ತಿದ್ದೇನೆಂದು ಎಲ್ಲರ ಮುಂದೆ ಹೇಳಿದರು. ನಾನು ಕಟ್ಟನ್ನು ಅಲ್ಲೇ ಬಿಚ್ಚಿ, ಒಂದೊಂದೇ ಕೋಲನ್ನು ಅವರ ಕೈಗೆ ಕೊಟ್ಟು, ಟೊಳ್ಳಿನೊಳಗೆ ಕಣ್ಣಿಟ್ಟು ನೋಡಿ ಎಂದೆ. ಅವರು ನೋಡದೆ ಹೋದರು.

ದಿನಾಂಕ 20 ಸೆಪ್ಟೆಂಬರ್ 2017, ಬುಧವಾರ, ಮಧ್ಯಾಹ್ನ ಮೂರೂಮುಕ್ಕಾಲಿಗೆ ನಾನು ಅಬು ಗಾಝಿಯವರನ್ನು ಕೂರಿಸಿಕೊಂಡು, ಕೋಲುಗಳ ಕಟ್ಟಿನೊಂದಿಗೆ ಹಳೆ ಬಂದರಿನಿಂದ ಹೊರಟೆ. ಗಾಳಿ ಕಡಿಮೆ ಇತ್ತು. ಗೋಡೆಯ ತುದಿ ಸುತ್ತಿ ಬಂಡೆಗಳಿಂದ ಸುಮಾರು ನೂರು ಮೀಟರು ದೂರವಿದ್ದಾಗ ಹೊಸ ಬಂದರಿನ ಬಿಳಿ ಮೋಟಾರು ದೋಣಿ ಬಂತು. ಚಾಲಕನ ಪಕ್ಕದಲ್ಲಿ ರಾಮೆಜ್ ನಿಂತಿದ್ದರು. ಅದು ನಮ್ಮ ಸುತ್ತ ವೇಗವಾಗಿ ಎರಡು ಸುತ್ತು ಹಾಕಿತು. ಎದ್ದ ಅಲೆ ದೋಣಿಯೊಳಗೆ ನುಗ್ಗಿತು. ಅಬು ಗಾಝಿಯವರು ಬೆಂಚಿನಿಂದ ಕೆಳಗೆ ಜಾರಿ ನೀರಿನಲ್ಲಿ ಕುಳಿತರು. ನಾನು ಕಿರುಚಿದ್ದು ಹೀಗೆ: "ಮುದುಕರಿದ್ದಾರೆ ಕಣೋ! ಕಣ್ಣಿಲ್ಲದೋರು! ನಿನ್ನಪ್ಪನ್ನ ಹೀಗೇ ಮುಳುಗಿಸ್ತೀಯಾ?" ಇದು ಬೈಗುಳವೆಂದು ದೂರಿನಲ್ಲಿದೆ. ಬೈಗುಳವೇ ಹೌದು.

ರಾಮೆಜ್, "ಕೋಲು ನೀರಿಗೆ ಹಾಕು, ಬಿಟ್ಟುಬಿಡ್ತೀನಿ," ಎಂದರು.

"ಹಾಕಲ್ಲ."

"ಹಾಕು ಅಂದೆ!"

"ನೀನೇ ಬಂದು ತಗೋ."

ಈ ಮಾತು ನಾನು ಆಡಿದ್ದು ನಿಜ. ಅವರ ದೋಣಿ ನಮ್ಮ ಮೂತಿಯ ಹತ್ತಿರ ಬಂತು. ರಾಮೆಜ್ ಅದರ ಅಂಚಿನ ಮೇಲೆ ಕಾಲಿಟ್ಟು ಬಗ್ಗಿ, ಹೊರಗೆ ಚಾಚಿದ್ದ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ಕಟ್ಟು ಮೂರು ಕಡೆ ಬಿಗಿದಿದ್ದರಿಂದ ಬರಲಿಲ್ಲ. ಚಾಲಕ ಮೋಟಾರನ್ನು ನಿಲ್ಲಿಸಿರಲಿಲ್ಲ. ಅವರ ದೋಣಿ ಮುಂದಕ್ಕೆ ಹೋಯಿತು, ರಾಮೆಜ್ ತುದಿಗಳನ್ನು ಬಿಡಲಿಲ್ಲ. ಕಾಲು ಒಂದು ಕಡೆ, ಕೈ ಒಂದು ಕಡೆಯಾಗಿ ನಡುವೆ ನೀರಿಗೆ ಬಿದ್ದರು. ನಾನು ಕೋಲಿನಿಂದ ಹೊಡೆದು ತಳ್ಳಿದೆನೆಂದು ಅವರು ಹೇಳಿರುವುದು ಸುಳ್ಳು. ಆ ಹೊತ್ತಿನಲ್ಲಿ ನನ್ನ ಒಂದು ಕೈ ಮೋಟಾರಿನ ಹಿಡಿಯ ಮೇಲಿತ್ತು, ಇನ್ನೊಂದು ಕೈ ನನ್ನ ಮಾವನ ಅಂಗಿಯ ಕಾಲರಿನಲ್ಲಿತ್ತು.

ರಾಮೆಜ್ ಬೆಟ್ಟದ ಕಡೆಯವರು, ಈಜು ಬರುವುದಿಲ್ಲ ಎಂಬುದು ನನಗೆ ಆಗಲೇ ಗೊತ್ತಾಯಿತು. ಭಾರದ ಬೂಟು ಹಾಕಿದ್ದರು. ಒಮ್ಮೆ ಮುಳುಗಿ ಎದ್ದರು, ಬಾಯಿ ತೆರೆದಿತ್ತು, ಶಬ್ದ ಬರಲಿಲ್ಲ. ಅವರ ಚಾಲಕ ಗಾಬರಿಯಲ್ಲಿ ದೂರ ಹೋಗಿ ದೋಣಿ ತಿರುಗಿಸಲು ಒದ್ದಾಡುತ್ತಿದ್ದ.

ನಾನು ಮೋಟಾರು ನಿಲ್ಲಿಸಿದೆ. ಹುಟ್ಟು ಚಾಚಬಹುದಿತ್ತಲ್ಲ ಎಂದು ಕೇಳಲಾಗಿ, ಹುಟ್ಟಿಗೆ ಎಟುಕುವಷ್ಟು ಹತ್ತಿರ ಅವರಿರಲಿಲ್ಲ ಎಂದು ತಿಳಿಸಿದ್ದೇನೆ. ಕಟ್ಟಿನ ಗಂಟು ನೆನೆದು ಬಿಚ್ಚಲು ಬರುತ್ತಿರಲಿಲ್ಲ. ಸಡಿಲವಾಗಿ ಇದ್ದದ್ದು ಅಬು ಗಾಝಿಯವರ ಕೋಲು ಒಂದೇ. ನಾನು ಕೇಳುವ ಮೊದಲೇ ಅವರು ಅದನ್ನು ತಿರುಗಿಸಿ, ಬುಡ ಹೊರಗೆ ಮಾಡಿ ಚಾಚಿದ್ದರು.

"ಎಲ್ಲಿದ್ದಾನೆ?" ಎಂದರು.

"ಎಡಕ್ಕೆ ಮಾವಾ. ಇನ್ನೂ ಎಡಕ್ಕೆ. ಕೆಳಗೆ!"

ಕೋಲಿನ ಬುಡ ರಾಮೆಜ್‌ರವರ ಭುಜಕ್ಕೆ ತಾಗಿತು. ನಾನು ಹೊಡೆದೆನೆಂದು ಅವರು ಹೇಳುವುದು ಇದನ್ನೇ. ಅವರು ಹಿಡಿದರು. ಅಬು ಗಾಝಿಯವರು ಕಾಲನ್ನು ಬೆಂಚಿಗೆ ಒತ್ತಿ, ಮೀನನ್ನು ದಣಿಸುವವರ ಹಾಗೆ ಬಿಟ್ಟು ಬಿಟ್ಟು ಎಳೆದರು. ದೋಣಿಯ ಪಕ್ಕಕ್ಕೆ ಬಂದಾಗ ನಾನು ಬೆಲ್ಟು ಹಿಡಿದು ಒಳಗೆ ಎಳೆದುಕೊಂಡೆ. ಆ ಭಾರಕ್ಕೆ ಕೋಲು ಉದ್ದಕ್ಕೆ ಸೀಳಿತು. ಬಂಡೆಯ ಮೇಲಿದ್ದವರಿಗೂ ಆ ಶಬ್ದ ಕೇಳಿಸಿತಂತೆ.

ರಾಮೆಜ್ ನನ್ನ ಕಾಲ ಬಳಿ ಮಲಗಿ ನೀರು ಕಾರುತ್ತಿದ್ದರು. ಅಬು ಗಾಝಿಯವರು ಸೀಳಿನ ಮೇಲೆ ಬುಡದಿಂದ ತುದಿಯವರೆಗೆ ಬೆರಳು ಓಡಿಸಿದರು. ಆಮೇಲೆ ಬಂಡೆಯ ಕಡೆ ಮುಖ ಮಾಡಿ, "ಅರವತ್ತು ವರ್ಷದಲ್ಲಿ ಇಷ್ಟು ದೊಡ್ಡದು ಬಿದ್ದಿರ್ಲಿಲ್ಲ ಕಣ್ರೋ! ತಿನ್ನೋಕೆ ಬರೋದಲ್ಲ, ಅದೇ ಬೇಜಾರು!" ಎಂದು ಕೂಗಿದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಅವರು ಆ ಸೀಳಿಗೆ ತಮ್ಮ ರುಮಾಲು ಸುತ್ತಿ ಕಟ್ಟುತ್ತಿದ್ದದ್ದು ನನಗೆ ಕಾಣುತ್ತಿತ್ತು. ದೋಣಿ ಬಂಡೆಗೆ ತಾಗಿದಾಗ ಅಲ್ಲಿದ್ದ ಉಮ್ ರಬೀ ತಮ್ಮ ಶಾಲು ಬಿಚ್ಚಿ ರಾಮೆಜ್‌ಗೆ ಹೊದಿಸಿದರು. ಆ ಶಾಲು ಇನ್ನೂ ವಾಪಸು ಬಂದಿಲ್ಲ, ಅದನ್ನೂ ಬರೆದುಕೊಳ್ಳಬೇಕು.

ಈ ದಿನ ಬೆಳಿಗ್ಗೆ ಠಾಣಾಧಿಕಾರಿಯವರು ಕೋಲುಗಳನ್ನು ಮುದ್ದೇಮಾಲು ಎಂದು ವಶಪಡಿಸಿಕೊಳ್ಳಲು ಆದೇಶಿಸಿದ ಮೇರೆಗೆ ನಾನೂ ಪೇದೆ ತೌಫೀಕ್‌ರವರೂ ಕಟ್ಟನ್ನು ಹೊತ್ತು ತಂದೆವು. ಮುದ್ದೇಮಾಲು ಇಡುವ ಕೋಣೆ ಮಹಡಿಯಲ್ಲಿದೆ. ಕಟ್ಟು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಠಾಣಾಧಿಕಾರಿಯವರು ಸ್ವತಃ ಬಂದು ಅದರ ಕೆಳಗೆ ಬಗ್ಗಿ ದಾಟಬೇಕಾಯಿತು. ತುಂಡು ಮಾಡಿ ಎಂದರು. ತುಂಡು ಮಾಡಿದರೆ ಸಾಕ್ಷ್ಯ ಹಾಳು ಮಾಡಿದವರು ನೀವಾಗುತ್ತೀರಿ, ಅದನ್ನೂ ನನ್ನ ಹೇಳಿಕೆಯಲ್ಲಿ ಸೇರಿಸುತ್ತೇನೆ ಎಂದೆ. ಅಂಗಳದಲ್ಲಿಟ್ಟರೆ ಅವುಗಳ ಮೇಲೆ ಜೀಪು ಹತ್ತುತ್ತದೆ. ಕೊನೆಗೆ, ಪ್ರಕರಣ ಮುಗಿಯುವವರೆಗೆ ಈ ಕೋಲುಗಳನ್ನು ನನ್ನ ದೋಣಿಯಲ್ಲೇ, ನನ್ನ ಜವಾಬ್ದಾರಿಯಲ್ಲೇ ಇಡತಕ್ಕದ್ದು, ದೋಣಿಯಿಂದ ಕದಲಿಸಲು ಯಾರಿಗೂ ಅಧಿಕಾರವಿಲ್ಲ ಎಂದು ಆದೇಶ ಬರೆದು ಮೊಹರು ಹಾಕಿ ಕೊಟ್ಟಿದ್ದಾರೆ. ಆದೇಶದಲ್ಲಿ ದೋಣಿ ಎಲ್ಲಿ ನಿಲ್ಲಬೇಕೆಂದು ಹೇಳಿಲ್ಲ. ದೋಣಿಯಲ್ಲಿ ಕುಳಿತೇ ಗಾಳ ಹಾಕಬಾರದೆಂದೂ ಹೇಳಿಲ್ಲ. ನಾಳೆ ಮಧ್ಯಾಹ್ನ ಅದು ಆ ಬಂಡೆಗಳಿಗೆ ಕಟ್ಟಿ ನಿಂತಿರುತ್ತದೆ. ನಮ್ಮವರು ಬರಿಗೈಯಲ್ಲಿ ನಡೆದು ಬಂದು, ಸರದಿಯಂತೆ ಹತ್ತಿ ಕೂರುತ್ತಾರೆ.

ಮೇಲೆ ಬರೆದದ್ದನ್ನು ಓದಿಸಿ ಕೇಳಿದ್ದೇನೆ. "ನನ್ನ ತಪ್ಪಿಗೆ ವಿಷಾದಿಸುತ್ತೇನೆ" ಎಂಬ ಸಾಲು ನಾನು ಹೇಳದೆಯೇ ಎರಡು ಕಡೆ ಸೇರಿತ್ತು. ಎರಡನ್ನೂ ಹೊಡೆದುಹಾಕಿಸಿ, ಹೊಡೆದುಹಾಕಿದ ಜಾಗದಲ್ಲೂ ಸಹಿ ಮಾಡಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದ್ದೇ, ನಡೆದದ್ದೇ.

ಸ್ಥಳ: ಮೀನಾ ಠಾಣೆ
ದಿನಾಂಕ: 22 ಸೆಪ್ಟೆಂಬರ್ 2017
ಸಹಿ: ವಿಸಾಲ್ ದನ್ನಾವಿ