ವಾರಗಿತ್ತಿಯ ಸನ್ಮಾನದಲ್ಲಿ ಎರಡು ಮಾತು

ನಮ್ಮ ನೇಯ್ಗೆ ಸಂಘದ ಅಧ್ಯಕ್ಷರಾದ ಶ್ರೀ ತಕ್ ಅವರೇ, ಜಿಲ್ಲಾ ಕಚೇರಿಯಿಂದ ಬಿಡುವು ಮಾಡಿಕೊಂಡು ಬಂದಿರುವ ಅಧಿಕಾರಿಗಳೇ, ಕೊಟ್ಟ ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕುಳಿತಿರುವ ಇಂದಿನ ಸನ್ಮಾನಿತೆ, ನನ್ನ ವಾರಗಿತ್ತಿ ಜೊಂಗ್‌ಸಿಮ್, ಮತ್ತು ಹನ್‌ಸಾನ್ ಊರಿನ ನನ್ನ ಸಭಿಕ ಬಂಧುಗಳೇ,

ಎರಡು ಮಾತು ಹೇಳಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಎರಡೇ ಮಾತು ಎಂದು ಒತ್ತಿ ಒತ್ತಿ ಹೇಳಿದ್ದಾರೆ. ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. ನೀವೆಲ್ಲ ಇಲ್ಲಿಗೆ ಬಂದಿರುವುದು ಜೊಂಗ್‌ಸಿಮ್‌ಗೆ ಚಪ್ಪಾಳೆ ತಟ್ಟುವುದಕ್ಕೆ, ನಿಜ. ಆದರೆ ಇನ್ನೊಂದು ಸಂಗತಿ ತಿಳಿದುಕೊಂಡು ಹೋಗುವುದಕ್ಕೂ ಬಂದಿದ್ದೀರಿ. ಅಲ್ಲವೆಂದು ಹೇಳಿ ನೋಡೋಣ? ಅವಳಿಗೆ ನೇಯ್ಗೆಯ ಗುರು ಪದವಿ ಬಂತೆಂಬ ಸುದ್ದಿ ತಲುಪಿದ ದಿನದಿಂದ ನಾನು ನೂಲು ಮಾಡುವುದನ್ನು ನಿಲ್ಲಿಸಿದ್ದೇನೆ. ನಲವತ್ತು ದಿನವಾಯಿತು. ಅವಳ ಮಗ್ಗ ಬರಿದಾಗಿ ನಿಂತಿದೆ. ಹೊಸ ಗುರುವಾದವಳು ಬರುವ ಬೇಸಿಗೆಯೊಳಗೆ ಅತಿ ನಯವಾದ ಒಂದು ಥಾನು ಬಟ್ಟೆ ನೇಯ್ದು ಒಪ್ಪಿಸಬೇಕು. ಒಪ್ಪಿಸದಿದ್ದರೆ ಪದವಿ ಹೋಗುತ್ತದೆ. ಅಷ್ಟು ಸಣ್ಣ ನೂಲನ್ನು ಈ ಊರಿನಲ್ಲಿ ಈಗ ಮಾಡುವವಳು ನಾನೊಬ್ಬಳೇ. ಈ ಮಾಲ್‌ಸುನ್ ಮತ್ತೆ ನೂಲಿಗೆ ಕೂರುತ್ತಾಳೋ ಇಲ್ಲವೋ? ಇದೇ ಅಲ್ಲವೇ ನಿಮ್ಮ ಪ್ರಶ್ನೆ?

ಆದರೆ ನಮ್ಮ ಕಡೆಯವರು ಏನನ್ನೂ ನೆಟ್ಟಗೆ ಕೇಳುವವರಲ್ಲ. ಹೋದ ವಾರ ಅಧ್ಯಕ್ಷರು ನಮ್ಮ ಮನೆಗೆ ಬಂದಿದ್ದರು. ಜಗಲಿಯ ಮೇಲೆ ಕೂತು ಮೂರು ಪರ್ಸಿಮನ್ ಹಣ್ಣು ತಿಂದರು. ಎಲೆಕೋಸು ಈ ಸಲ ಹೇಗೆ ಬಂದಿದೆ ಎಂದು ಕೇಳಿದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಮಾಲ್‌ಸುನಮ್ಮ, ಮೊಣಕಾಲು ಹೇಗಿದೆ ಈಗ?" ಎಂದರು. "ಇದ್ದ ಕಡೆನೇ ಇದೆ ಸ್ವಾಮಿ" ಎಂದೆ. ಅವರು ನನ್ನನ್ನು ನೂಲಿನ ವಿಷಯ ಕೇಳಿದ್ದೂ ಆಯಿತು, ನಾನು ಉತ್ತರ ಕೊಟ್ಟದ್ದೂ ಆಯಿತು.

ಮೊಣಕಾಲನ್ನು ಯಾಕೆ ಕೇಳಿದರೆಂದು ಜಿಲ್ಲಾ ಕಚೇರಿಯವರಿಗೆ ತಿಳಿಯದಿರಬಹುದು. ನಮ್ಮ ಮೋಶಿ ಬಟ್ಟೆಯ ನೂಲು ರಾಟೆಯಿಂದ ಬರುವುದಿಲ್ಲ. ಮೋಶಿ ಗಿಡದ ನಾರನ್ನು ನೆನೆಸಿ, ಹಲ್ಲಿನಲ್ಲಿ ಕಚ್ಚಿ, ಕೂದಲೆಳೆಯಷ್ಟು ಸಣ್ಣಗೆ ಸೀಳಬೇಕು. ಆಮೇಲೆ ಲಂಗವನ್ನು ತೊಡೆಯವರೆಗೆ ಎತ್ತಿ ಕಟ್ಟಿ, ಎರಡು ಎಳೆಗಳ ತುದಿಗೆ ಉಗುಳು ಹಚ್ಚಿ, ಬರಿಯ ಮೊಣಕಾಲಿನ ಮೇಲೆ ಹೊಸೆದು ಒಂದು ಮಾಡಬೇಕು. ಹೀಗೆ ಸಾವಿರ ಸಲ, ಹತ್ತು ಸಾವಿರ ಸಲ. ಬೇಸಿಗೆಯಲ್ಲಿ ದೊಡ್ಡ ದೊಡ್ಡವರ ಮನೆಯ ಹೆಂಗಸರು ಗಾಳಿಯಂಥ ಬಿಳಿಯ ಬಟ್ಟೆ ಉಟ್ಟು ಬೀಸಣಿಗೆ ಬೀಸಿಕೊಳ್ಳುತ್ತಾರಲ್ಲ, ಅವರು ಉಟ್ಟಿರುವುದು ನನ್ನ ಎಂಜಲು. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ.

ನಾನು ನಮ್ಮ ಅತ್ತೆಯ ಮನೆಗೆ ಹಿರಿಸೊಸೆಯಾಗಿ ಬಂದಾಗ ನನಗೆ ಇಪ್ಪತ್ತೊಂದು. ಮಗ್ಗ ಇದ್ದದ್ದು ಅಂಗಳದ ಆಚೆ, ಅರ್ಧ ನೆಲದೊಳಗೆ ಇಳಿದಿರುವ ಚಿಕ್ಕ ಕೋಣೆಯಲ್ಲಿ. ಈಗಲೂ ಅಲ್ಲೇ ಇದೆ. ಅತ್ತೆ ಅದರಲ್ಲಿ ನೇಯುತ್ತಿದ್ದರು. ನಾನು ಅವರಿಗೆ ನೂಲು ಮಾಡಿಕೊಡುತ್ತಿದ್ದೆ. ಮೊದಲ ವರ್ಷ ತುಟಿ ಸೀಳಿ ರಕ್ತ ಬರುತ್ತಿತ್ತು, ಖಾರದ ಸಾರು ಬಾಯಿಗೆ ಇಡಲಾಗುತ್ತಿರಲಿಲ್ಲ. ಮೂರನೆಯ ವರ್ಷಕ್ಕೆ ಅತ್ತೆ ನನ್ನ ನೂಲನ್ನು ಕಣ್ಣುಮುಚ್ಚಿ ಕೆನ್ನೆಗೆ ಸವರಿಕೊಂಡು, "ದೊಡ್ಡೋಳೇ, ಗಂಟೇ ಸಿಗ್ತಿಲ್ಲ ಕಣೇ" ಎಂದರು. ನಾನು ಎಷ್ಟು ಹಿಗ್ಗಿದೆನೆಂದರೆ, ಆ ರಾತ್ರಿ ಊಟವೇ ಬೇಕಾಗಲಿಲ್ಲ. ಅಷ್ಟು ಚೆನ್ನಾಗಿ ಮಾಡಬಾರದಿತ್ತು ಎಂದು ಆಗ ನನಗೆ ಗೊತ್ತಿರಲಿಲ್ಲ.

ಏಕೆಂದರೆ ನಾಲ್ಕನೆಯ ವರ್ಷ ಈ ಜೊಂಗ್‌ಸಿಮ್ ಕಿರಿಸೊಸೆಯಾಗಿ ಬಂದಳು. ಅವಳನ್ನೂ ನನ್ನ ಪಕ್ಕ ನೂಲಿಗೆ ಕೂರಿಸಿದರು. ಸಭಿಕರೇ, ಇವತ್ತು ಸನ್ಮಾನದ ದಿನ, ಆದರೂ ಹೇಳುತ್ತೇನೆ: ಅವಳ ನೂಲಿನಲ್ಲಿ ದನ ಕಟ್ಟಬಹುದಿತ್ತು. ಅತ್ತೆ ಎರಡು ವರ್ಷ ತಾಳಿಕೊಂಡರು. ಆಮೇಲೆ ಒಂದು ದಿನ, "ಚಿಕ್ಕೋಳೇ, ನೀನು ನಾರು ಹಾಳು ಮಾಡಿದ್ದು ಸಾಕು, ಏಳು, ಮಗ್ಗದಲ್ಲಿ ಕೂತ್ಕೋ" ಎಂದರು.

ನಾನು ಹಿರಿಸೊಸೆ. ಆರು ವರ್ಷದಿಂದ ಆ ಮಗ್ಗದ ಬಾಗಿಲ ಹೊರಗೆ ಕೂತವಳು. ಧೈರ್ಯ ಮಾಡಿ, "ಅತ್ತೇ, ನಾನು?" ಎಂದೆ. ಅವರು ತಲೆ ಕೂಡ ಎತ್ತಲಿಲ್ಲ. "ನಿನ್ನ ಮಗ್ಗದಲ್ಲಿ ಕೂರಿಸಿದ್ರೆ ನೂಲು ಯಾರೇ ಮಾಡ್ತಾರೆ?" ಎಂದರು. ನೂಲು ಬಾರದವಳಿಗೆ ಮಗ್ಗ ಸಿಕ್ಕಿತು. ಬರುತ್ತಿದ್ದವಳಿಗೆ ಮೊಣಕಾಲು ಉಳಿಯಿತು. ನ್ಯಾಯವೇ ಇದು? ನೀವೇ ಹೇಳಿ, ನ್ಯಾಯವೇ?

ಅವಳು ಚೆನ್ನಾಗಿ ನೇಯುತ್ತಾಳೆ. ಅದನ್ನು ಇಲ್ಲವೆನ್ನಲು ನನ್ನ ಬಾಯಿಗೂ ಆಗುವುದಿಲ್ಲ, ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಇಡೀ ಥಾನನ್ನು ಮಡಿಸಿ ಒಂದು ಅನ್ನದ ಬಟ್ಟಲಿನಲ್ಲಿ ಇಡಬಹುದು, ಅಷ್ಟು ನಯ. ಆದರೆ ಪ್ರದರ್ಶನದಲ್ಲಿ ಅದರ ಕೆಳಗೆ ಚೀಟಿ ಹಚ್ಚುವಾಗ ಬರೆಯುವುದು ಒಂದೇ ಹೆಸರು. ಬಟ್ಟೆ ಎಂದರೆ ಏನು? ಹಾಸೂ ನೂಲು, ಹೊಕ್ಕೂ ನೂಲು. ನೂಲು ತೆಗೆದರೆ ಅಲ್ಲಿ ಉಳಿಯುವುದು ಚೀಟಿ ಮಾತ್ರ. ಪದವಿಯ ಸುದ್ದಿ ಬಂದಾಗ ನಮ್ಮ ಯಜಮಾನರು, "ಹೋಗ್ಲಿ ಬಿಡೇ, ನಮ್ಮ ಮನೆಗೇ ಬಂತಲ್ಲ" ಎಂದರು. ಆ ದಿನದ ಸಾರಿಗೆ ನಾನು ಉಪ್ಪು ಹಾಕಲಿಲ್ಲ. ಅವರು ಕೊನೆಯ ಹನಿಯವರೆಗೂ ಕುಡಿದರು.

ಹೊಟ್ಟೆಕಿಚ್ಚು ಎಂದು ನೀವು ಅಂದುಕೊಳ್ಳುತ್ತಿದ್ದೀರಿ. ಹೌದು, ಹೊಟ್ಟೆಕಿಚ್ಚೇ. ಎಪ್ಪತ್ತೊಂದು ವರ್ಷದ ಹೆಂಗಸು ಮೈಕಿನ ಮುಂದೆ ಸುಳ್ಳು ಹೇಳಬಾರದು. ಅಂಗಳದ ಆಚೆಯಿಂದ ಲಾಳಿಯ ಸದ್ದು ಬಂದಾಗಲೆಲ್ಲ ನಾನು ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತಿದ್ದೆ. ಅವಳಿಗೆ ಜ್ವರ ಬಂದು ಸದ್ದು ನಿಂತರೆ ಆ ದಿನ ಅನ್ನ ರುಚಿಸುತ್ತಿತ್ತು. ಗಂಜಿ ಮಾಡಿಕೊಂಡು ಹೋಗಿ ಅವಳಿಗೆ ಕುಡಿಸುತ್ತಿದ್ದವಳೂ ನಾನೇ, ಅದು ಬೇರೆ ಮಾತು.

ಇಲ್ಲಿಗೆ ನಿಲ್ಲಿಸಬೇಕಿತ್ತು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಆದರೆ ನಿರೂಪಕರು ಆಗಲೇ ಅವಳನ್ನು ಹೊಗಳುತ್ತಾ ಒಂದು ಮಾತು ಹೇಳಿದರಲ್ಲ, "ಒಂಬತ್ತು ವರ್ಷದ ಹಿಂದೆ ಒಂದು ಸಣ್ಣ ಅಜಾಗರೂಕತೆಯಿಂದ ಕೈತಪ್ಪಿದ ಪದವಿ" ಎಂದು, ಅದನ್ನು ಸ್ವಲ್ಪ ತಿದ್ದಬೇಕಾಗಿದೆ.

ಆಗ ಪರೀಕ್ಷೆಗೆ ಕೊಡಬೇಕಾದ ಥಾನು ಮಗ್ಗದ ಮೇಲಿತ್ತು. ಮುಕ್ಕಾಲು ಪಾಲು ಮುಗಿದಿತ್ತು. ಏಪ್ರಿಲ್ ತಿಂಗಳು, ಒಣಗಾಳಿಯ ಕಾಲ. ಮೋಶಿ ನೂಲಿಗೆ ಒಣಗಾಳಿ ತಾಕಿದರೆ ಮುಗಿಯಿತು, ಹಾಸಿನ ಎಳೆಗಳು ತಾವಾಗಿಯೇ ತುಂಡಾಗುತ್ತವೆ. ಅದಕ್ಕೇ ಆ ಕೋಣೆ ನೆಲದೊಳಗಿರುವುದು, ಬೇಸಿಗೆಯ ಸೆಕೆಯಲ್ಲೂ ಬಾಗಿಲು ಹಾಕಿಕೊಂಡು ಬೆವರುತ್ತಾ ನೇಯುವುದು. ಜೊಂಗ್‌ಸಿಮ್ ತನ್ನ ತಂದೆಯ ತಿಥಿಗೆ ತವರಿಗೆ ಹೋಗಬೇಕಾಗಿತ್ತು. "ಅಕ್ಕಾ, ಒಂದು ದಿನ ಬಾಗಿಲ ಕಡೆ ನೋಡ್ಕೊಳ್ಳಿ. ಒದ್ದೆ ಬಟ್ಟೆ ಸಂದಿಗೆ ಸಿಕ್ಕಿಸಿಡಿ. ನೀವಿದ್ದೀರಿ ಅಂತಲೇ ಹೋಗ್ತಿರೋದು" ಎಂದಳು.

ನಾನು ನೀರಿನ ಬಕೆಟ್ಟು ಇಡಲೆಂದು ಒಳಗೆ ಹೋದೆ. ಮಗ್ಗದಲ್ಲಿ ಕೂತೆ. ಯಾರೂ ಇರಲಿಲ್ಲ, ಕೂತೆ. ಹಾಸನ್ನು ಬಿಗಿ ಹಿಡಿಯುವ ಸೊಂಟಪಟ್ಟಿ ಕಟ್ಟಿಕೊಂಡೆ. ಅದು ಅವಳ ಸೊಂಟದ ಅಳತೆಗೆ ಸವೆದುಹೋಗಿತ್ತು, ನನಗೆ ಎಲ್ಲೂ ಒಪ್ಪಲಿಲ್ಲ. ಲಾಳಿ ಕೈಗೆ ತೆಗೆದುಕೊಂಡೆ. ಎಸೆಯಲು ಬರಲಿಲ್ಲ. ನನ್ನದೇ ನೂಲು, ಮುಂದೆ ಹರವಿಕೊಂಡು ಕೂತಿತ್ತು, ಅದಕ್ಕೆ ನನ್ನ ಗುರುತೇ ಇರಲಿಲ್ಲ. ಪಟ್ಟಿ ಬಿಚ್ಚಿ ಎದ್ದು ಬಂದೆ. ಬಾಗಿಲು ಹಾಕುವುದನ್ನು ಮರೆತೆ. ಒಂಬತ್ತು ವರ್ಷದಿಂದ ನನಗೆ ನಾನೇ ಹೀಗೆ ಹೇಳಿಕೊಂಡಿದ್ದೇನೆ. ಮನಸ್ಸು ಸರಿಯಿರಲಿಲ್ಲ, ಮರೆತುಬಿಟ್ಟೆ, ಯಾರಿಗಾದರೂ ಆಗುವಂಥದ್ದು. ಆ ಬಾಗಿಲು ಗಾಳಿಗೆ ತಾನೇ ಮುಚ್ಚಿಕೊಳ್ಳುವಂಥದ್ದು, ಅದಕ್ಕೇ ಕಲ್ಲು ಇಟ್ಟೆ.

ಇಟ್ಟೆ ಎಂದೆನೇ? ಹೂಂ. ಇಟ್ಟೆ.

ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಸಂಜೆಯವರೆಗೂ ಕೇಳಿಸಿಕೊಂಡೆ. ಎಳೆ ಕಡಿಯುವ ಸದ್ದು ಅಷ್ಟು ದೂರಕ್ಕೆ ಕೇಳುವುದಿಲ್ಲ ಎಂದು ನೀವು ಹೇಳಬಹುದು. ಅದನ್ನು ಹೊಸೆದವಳಿಗೆ ಕೇಳುತ್ತದೆ.

ಮರುದಿನ ಬಂದವಳು ಕೋಣೆಯ ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಕಲ್ಲು ಅಲ್ಲೇ ಇತ್ತು, ತೆಗೆಯಲು ನನಗೆ ಮನಸ್ಸಾಗಿರಲಿಲ್ಲ. ಆಮೇಲೆ ನಾಲ್ಕು ದಿನ ಕೂತು ಒಂದೊಂದೇ ಎಳೆಯನ್ನು ಉಗುಳು ಹಚ್ಚಿ ಸೇರಿಸಿದಳು. ಅವಳು ಹಾಕಿದ ಗಂಟು ಹೇಗಿರುತ್ತದೆಂದು ಆಗಲೇ ಹೇಳಿದೆನಲ್ಲ. ಪರೀಕ್ಷಕರು ಮನೆಗೆ ಬಂದು, ಬಟ್ಟೆಯನ್ನು ಬೆಳಕಿಗೆ ಹಿಡಿದು, "ಏನಾಯ್ತಮ್ಮ ಇದು?" ಎಂದರು. ನಾನು ಅಡುಗೆಮನೆಯಲ್ಲಿ ತಟ್ಟೆಗೆ ಅಕ್ಕಿಕಡುಬು ಜೋಡಿಸುತ್ತಿದ್ದೆ. ಈಗ ನನ್ನ ಹೆಸರು ಬರುತ್ತದೆ ಎಂದುಕೊಂಡೆ. "ನಾನೇ ಬಾಗಿಲು ಹಾಕೋದು ಮರೆತುಬಿಟ್ಟೆ ಸ್ವಾಮಿ" ಎಂದಳು ಇವಳು. ತಟ್ಟೆ ಹಿಡಿದು ಒಳಗೆ ಹೋದರೆ ನನ್ನ ಮುಖ ನೋಡಿ, "ಅಕ್ಕಾ, ಇವರಿಗೆ ಇನ್ನೆರಡು ಹಾಕಿ" ಎಂದಳು.

ಸಭಿಕರೇ, ಇವಳು ದೊಡ್ಡ ಮನಸ್ಸಿನವಳು ಎಂದು ನೀವು ಈಗ ಕಣ್ಣೊರೆಸಿಕೊಳ್ಳುತ್ತಿದ್ದೀರಿ. ನನಗೆ ಆ ದಿನ ಮೈಯೆಲ್ಲ ಉರಿದುಹೋಯಿತು. ನಾನು ಮಾಡಿದ ನೂಲನ್ನು ತನ್ನ ಬಟ್ಟೆ ಮಾಡಿಕೊಂಡಳು, ಹೋಗಲಿ. ನಾನು ಮಾಡಿದ ತಪ್ಪನ್ನೂ ತನ್ನದೇ ಮಾಡಿಕೊಂಡಳಲ್ಲ! ಈ ಜನ್ಮದಲ್ಲಿ ಸಂಪೂರ್ಣವಾಗಿ ನನ್ನದೆಂದು ಹೇಳಿಕೊಳ್ಳುವಂಥ ಒಂದೇ ಒಂದು ಕೆಲಸ ಮಾಡಿದ್ದೆ. ಅದನ್ನೂ ನನಗೆ ಬಿಡಲಿಲ್ಲ. ಒಂದು ದಿನವೂ ಬೈಯಲಿಲ್ಲ. ಒಂದು ಹೊತ್ತೂ ಮಾತು ಬಿಡಲಿಲ್ಲ. ಮರುವಾರವೇ, "ಅಕ್ಕಾ, ಹೊಸ ನಾರು ಬಂದಿದೆ" ಎಂದು ತಂದಿಟ್ಟಳು. ನಾನು ಸೀಳಲು ಕೂತೆ. ಬೈಯದವರ ಜೊತೆ ಬಾಳುವುದು ಎಷ್ಟು ಕಷ್ಟ ಎಂಬುದು ನಿಮಗೆ ಗೊತ್ತೇ? ಒಂಬತ್ತು ವರ್ಷ ನಾನು ಅವಳ ಕಣ್ಣನ್ನು ನೋಡದೆ ಅವಳ ಕೈಗೆ ನೂಲು ಕೊಟ್ಟಿದ್ದೇನೆ.

ಆದ್ದರಿಂದ ಅಧ್ಯಕ್ಷರಲ್ಲಿ ನನ್ನ ವಿನಂತಿ ಇಷ್ಟೇ. ಸಂಘದ ದಾಖಲೆಯಲ್ಲಿ ಆ ವರ್ಷದ ಪುಟ ತೆಗೆಯಿರಿ. ನೇಕಾರಳ ಅಜಾಗರೂಕತೆ ಎಂದು ಬರೆದಿರುವುದನ್ನು ಹೊಡೆದುಹಾಕಿ. ಬಾಗಿಲು ತೆರೆದಿಟ್ಟವಳು ಮಾಲ್‌ಸುನ್ ಎಂದು ಬರೆಯಿರಿ. ನಿಮ್ಮ ದಾಖಲೆಯಲ್ಲಿ ನನ್ನ ಹೆಸರು ಬೇರೆಲ್ಲೂ ಇಲ್ಲ, ಅಲ್ಲಾದರೂ ಇರಲಿ.

ಇನ್ನು ನಿಮ್ಮ ಪ್ರಶ್ನೆ. ಜೊಂಗ್‌ಸಿಮ್, ಇಷ್ಟು ಜನರ ಮುಂದೆ ನೆಟ್ಟಗೆ ಹೇಳುತ್ತೇನೆ ಕೇಳು. ನಿನ್ನ ಥಾನಿಗೆ ಬೇಕಾದ ನೂಲನ್ನು ಮಾಡಿಕೊಡುತ್ತೇನೆ. ಹಲ್ಲು ಇರುವವರೆಗೂ ಮಾಡಿಕೊಡುತ್ತೇನೆ. ಆದರೆ ಮೊದಲು ನೀನು ನನ್ನನ್ನು ಬೈಯಬೇಕು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡಲ್ಲ, ಎಲ್ಲರಿಗೂ ಕೇಳುವ ಹಾಗೆ. ಅಲ್ಲಿಯವರೆಗೆ ಈ ಮೊಣಕಾಲಿನ ಮೇಲೆ ಒಂದೆಳೆಯೂ ಹೊರಳುವುದಿಲ್ಲ.

ಅಧ್ಯಕ್ಷರೇ, ಗಡಿಯಾರ ನೋಡಬೇಡಿ, ಆಯಿತು. ಮಾತಾಡಲು ಅವಕಾಶ ಕೊಟ್ಟ ಸಂಘಕ್ಕೆ, ಕೆಮ್ಮದೆ ಕೇಳಿದ ನಿಮ್ಮೆಲ್ಲರಿಗೆ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ನಮ್ಮ ಯಜಮಾನರಿಗೆ ನಾನು ಋಣಿ. ಅಯ್ಯೋ, ಇವಳು ಎದ್ದಳು. ಹೂಗುಚ್ಛವನ್ನು ಕುರ್ಚಿಯ ಮೇಲೆ ಬಿಸಾಕಿ ಬರುತ್ತಿದ್ದಾಳೆ. ಐವತ್ತು ವರ್ಷಕ್ಕೆ ಹತ್ತಿರವಾಯಿತು ಈ ಮುಖ ನೋಡುತ್ತಾ, ಇಷ್ಟು ಕೆಂಪಗೆ ಆದದ್ದನ್ನು ನಾನು ಕಂಡಿಲ್ಲ. ದಾರಿ ಬಿಡಿ, ದಯವಿಟ್ಟು ಅವಳಿಗೆ ದಾರಿ ಬಿಡಿ. ಅಧ್ಯಕ್ಷರೇ, ಮೈಕನ್ನು ಆರಿಸಬೇಡಿ, ಅವಳ ಕೈಗೆ ಕೊಡುತ್ತಿದ್ದೇನೆ.

ಎಲ್ಲರಿಗೂ ನಮಸ್ಕಾರ.