ಸೈರಗುಲ್ ಅಜ್ಜಿಯ ಅಳು

ಫ್ರುಂಜೆ ನಗರದ ಬಸ್ ನಿಲ್ದಾಣದಲ್ಲಿ ನಾನು ತಲಾಸ್ ಊರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಸಿನಿಮಾ ಸ್ಟುಡಿಯೋದವರಿಬ್ಬರು ಕೂತಿದ್ದರು. ಕನಿಕೆಯ್ ಸಾಕ್ಷ್ಯಚಿತ್ರ ನಿರ್ದೇಶಕಿ, ಆಗಷ್ಟೇ ಮಾಸ್ಕೋದಿಂದ ಬಂದಿದ್ದಳು. ಅಸನ್‌ಬೆಕ್ ಅವಳ ಕ್ಯಾಮೆರಾದವನು. ಕಾಲ ಬಳಿ ರೀಲಿನ ಡಬ್ಬಿಗಳಿದ್ದವು.

"ಮಾಸ್ಕೋದವರು ಈ ಸಲಾನೂ ಅದೇ ಅಂದ್ರಾ ಅಕ್ಕಾ?"

"ಅದೇ. ಸೈರಗುಲ್ ಅಜ್ಜಿ ಅಳೋದನ್ನ ಕತ್ತರಿಸಿದ್ರೆ ಮಾತ್ರ ಸಿನಿಮಾ ಬಿಡುಗಡೆ ಮಾಡ್ತಾರಂತೆ."

"ಯಾಕಂತೆ?"

"ಯುದ್ಧ ಗೆದ್ದು ಇಪ್ಪತ್ತೆಂಟು ವರ್ಷ ಆಯ್ತು, ಇನ್ನೂ ಅಳ್ತಾಳಾ ಅಂತ ಕೇಳಿದ ಸಿನಿಮಾ ಪಾಸು ಮಾಡೋ ಸಮಿತಿಯವನು."

"ಮೂರು ಗಂಡುಮಕ್ಕಳು ವಾಪಸ್ ಬರಲಿಲ್ಲ ಅಂತ ಹೇಳಲಿಲ್ವಾ?"

"ಹೇಳಿದೆ. ಹಾಗಾದ್ರೆ ಹೆಮ್ಮೆಯಿಂದ ನಗಲಿ, ಮತ್ತೆ ಶೂಟ್ ಮಾಡಿ ಅಂದ."

ಅಸನ್‌ಬೆಕ್ ಮೆಲ್ಲಗೆ ಒಂದು ಬೈಗುಳ ಬಿಟ್ಟ.

"ಅವಳೇನು ನಟಿನಾ? ಮಕ್ಕಳ ಫೋಟೋ ಒರೆಸ್ತಾ ಒರೆಸ್ತಾ ತಾನೇ ಅತ್ತಳು. ಕತ್ತರಿಸದಿದ್ರೆ ಏನ್ಮಾಡ್ತಾರೆ?"

"ಸಿನಿಮಾನ ಯಾರಿಗೂ ತೋರಿಸದೆ ಕಪಾಟಿಗೆ ಹಾಕ್ತಾರೆ. ನನಗೆ ಇನ್ನೊಂದು ಕೊಡಲ್ಲ. ಸೋಮವಾರ ಉತ್ತರ ಹೇಳಬೇಕು."

"ಮತ್ತೆ ಡಬ್ಬಿ ಸ್ಟುಡಿಯೋದಿಂದ ಹೊರಗೆ ಒಯ್ಯೋಕೆ ಬಿಟ್ಟಿದ್ಹೇಗೆ?"

"ಹಳ್ಳಿ ಪ್ರೇಕ್ಷಕರ ಅಭಿಪ್ರಾಯ ಕೇಳಬಹುದು ಅಂತ ನಿಯಮ ಇದೆ. ಅರ್ಜಿ ಬರೆದೆ. ನಮ್ಮ ಸ್ಟುಡಿಯೋ ಯಜಮಾನರು ಕನ್ನಡಕ ತೆಗೆದಿಟ್ಟು, ಓದದೇ ಸಹಿ ಹಾಕಿದ್ರು."

"ಅಬ್ಬಾ, ಮುದುಕ!"

"ಇವತ್ತು ಅಜ್ಜಿಯ ಹಳ್ಳಿ ಕ್ಲಬ್ಬಲ್ಲಿ ತೋರಿಸೋಣ. ಅಜ್ಜಿ ಮುಂದಿನ ಸಾಲಲ್ಲಿ ಕೂತು ನೋಡಲಿ. ತೆಗೀ ಮಗಳೇ ಅಂತ ಅವಳು ಅಂದ್ರೆ ಇವತ್ತೇ ತೆಗೀತೀನಿ."

"ಇರಲಿ ಅಂದ್ರೆ?"

"ಸೋಮವಾರ ನನ್ನ ಕೆಲಸ ಹೋಗತ್ತೆ. ಏಳು, ನಮ್ಮ ನರಿನ್ ಬಸ್ ಬಂತು."

ಡಬ್ಬಿಗಳನ್ನು ಮೇಲೆ ಹಾಕಿ ಎಂದು ಚಾಲಕ ಕೂಗಿದ. ಆಕೆ ಕೇಳದೆ ಅವನ್ನು ತಬ್ಬಿಕೊಂಡೇ ಒಳಗೆ ಹತ್ತಿದಳು.